ಕುದುರೆಯ ಬಾಲದ ಸಿಕ್ಕು

ನಮ್ಮ ಸಂಸ್ಥೆಯ ವಾರ್ಷಿಕ ಸಂಚಿಕೆಗೆ ಮುಖ್ಯಾಧ್ಯಾಪಕರಾದವರು ಪರೀಕ್ಷೆಯ ಫಲಿತಾಂಶವನ್ನೋ ಮಾತೃಭಾಷಾ ಶಿಕ್ಷಣದ ಅಗತ್ಯವನ್ನೋ ಕುರಿತು ಬರೆಯುವುದು ವಾಡಿಕೆ. ಈ ಎರಡು ವಿಷಯಗಳನ್ನೂ ಕುರಿತು ಹಿಂದಿನ ಸಂಚಿಕೆಗಳಲ್ಲಿ ನಾವು ಸಾಕಷ್ಟು ಬರೆದಿರುತ್ತೇವೆ. ವಾಚಕರೂ ಸಾಕಷ್ಟು ಸಹಿಸಿಕೊಂಡಿರುತ್ತಾರೆ. ಆದುದರಿಂದ ಈ ಬಾರಿ, ಕೆಸರು ಮೆತ್ತಿ ಜಟೆಗಟ್ಟಿದ ಕುದುರೆಯ ಬಾಲವನ್ನು ತೊಳೆದು ಅದರ ಸಿಕ್ಕು ಬಿಡಿಸುವುದು ಹೇಗೆಂಬುದನ್ನು ವಿವರಿಸಲು ಉದ್ದೇಶಿಸಿದ್ದೇವೆ. ವಿಷಯವು ಹಾಸ್ಯಾಸ್ಪದವೆಂದು ಕೆಲವರಿಗೆ ತೋರಬಹುದು. 2024ರ ಜುಲೈ ತಿಂಗಳಿಗೆ ಮೊದಲು ನಮಗೂ ಹಾಗೆಯೇ ತೋರುತ್ತಿತ್ತು.

ಮುರಗಾಂವ ತಾಲೂಕಿನಲ್ಲಿರುವ ನಮ್ಮ ಶಾಲೆಯ ಹಿಂದಿನ ಇಳಿಜಾರಿನಲ್ಲಿ ಆ ತಿಂಗಳ ಎರಡನೆಯ ವಾರ ಹೆಣ್ಣು ಕುದುರೆಯೊಂದು ಕಾಣಿಸಿಕೊಂಡಿತು. ಅದರ ಬಣ್ಣ ಬಿಳುಪೆಂದು ನಮಗೆ ತಿಳಿದದ್ದು ಆಮೇಲೆ. ಗೋಮಾಂತಕದ ಮಳೆಗಾಲವನ್ನೂ ಇಲ್ಲಿನ ಜಂಬಿಟ್ಟಿಗೆಯ ಕೆಂಪು ಮಣ್ಣನ್ನೂ ಬಲ್ಲವರಿಗೆ ಅದು ಆಗ ಯಾವ ಬಣ್ಣದಲ್ಲಿದ್ದಿತೆಂದು ಹೇಳಬೇಕಾಗಿಲ್ಲ. ವಿಚಾರಿಸಲಾಗಿ, ಮದುವೆಯ ಮೆರವಣಿಗೆಗಳಲ್ಲಿ ವರನನ್ನು ಹೊರುವ ಕುದುರೆಯೆಂದು ಗೊತ್ತಾಯಿತು. ಮಳೆಗಾಲದಲ್ಲಿ ಮುಹೂರ್ತಗಳಿಲ್ಲ, ಕಡಲ ದಂಡೆಯಲ್ಲಿ ಸವಾರಿ ಕೇಳುವ ಪ್ರವಾಸಿಗಳೂ ಇಲ್ಲ. ದುಡಿಮೆಯಿಲ್ಲದ ತಿಂಗಳುಗಳಲ್ಲಿ ಹುಲ್ಲು ಕೊಂಡು ಹಾಕುವುದೇಕೆಂದು ಒಡೆಯನು ಅದನ್ನು ಗುಡ್ಡಕ್ಕೆ ಬಿಟ್ಟಿದ್ದನು.

ಮಕ್ಕಳ ಕಣ್ಣಿಗೆ ಮೊದಲು ಬಿದ್ದದ್ದು ಅದರ ಬಾಲ. ಅದನ್ನು ಬಾಲವೆನ್ನುವುದಕ್ಕಿಂತ ನೇತುಬಿದ್ದ ಒದ್ದೆಯ ಕೊರಡೆನ್ನಬೇಕು. ಕೂದಲು, ಕೆಸರು, ಸಗಣಿ, ಉತ್ತರಾಣಿಯ ಕಾಳು, ನಾಚಿಕೆಮುಳ್ಳಿನ ಸಿಂಬೆ ಎಲ್ಲವೂ ಒಂದಾಗಿ, ಕುದುರೆ ಹೆಜ್ಜೆಯಿಟ್ಟಾಗಲೆಲ್ಲ ಅದು ಹಿಂಗಾಲುಗಳಿಗೆ ಬಡಿಯುತ್ತಿದ್ದಿತು. ಪಕ್ಕೆಯ ಮೇಲೆ ನೊಣಗಳು ಕವಿದಿದ್ದರೂ ಬಾಲವು ಮೇಲೇಳುತ್ತಿರಲಿಲ್ಲ. ಕುದುರೆಯು ಹೊಟ್ಟೆಯ ಕೆಳಗೆ ಕಾಲನ್ನು ಝಾಡಿಸುವುದು, ಕತ್ತು ತಿರುಗಿಸಿ ತನ್ನ ಪಕ್ಕೆಯನ್ನು ತಾನೇ ಕಚ್ಚಿಕೊಳ್ಳುವುದು, ಇದನ್ನೇ ಮಾಡುತ್ತಿದ್ದಿತು. ಮೇಯುವುದಕ್ಕೆ ಅದಕ್ಕೆ ಬಿಡುವೇ ಇರಲಿಲ್ಲ. ಎಲುಬುಗಳು ಎದ್ದು ಕಾಣುತ್ತಿದ್ದುವು.

ಒಡೆಯನನ್ನು ದೂರವಾಣಿಯಲ್ಲಿ ಹಿಡಿದು, ಬಾಲವನ್ನು ಶುಚಿಮಾಡಲು ಅಪ್ಪಣೆ ಕೇಳಿದೆವು. "ಕತ್ತರಿಸಿಬಿಡಿ, ಬೆಳೆಯುತ್ತದೆ" ಎಂದನು. ನಮಗೂ ಅದೇ ಸರಿಯೆಂದು ತೋರಿತು. ಸತ್ಯವನ್ನು ಮರೆಮಾಚದೆ ಹೇಳುವುದಾದರೆ, ಕರಕುಶಲ ತರಗತಿಯ ದೊಡ್ಡ ಕತ್ತರಿಯನ್ನು ತರಿಸಿದವರೂ ನಾವೇ. ಅದೇ ವೇಳೆಗೆ ಮೊಮ್ಮಗನನ್ನು ಕರೆದೊಯ್ಯಲು ಬಂದಿದ್ದ ಹಿರಿಯರೊಬ್ಬರು ಅಡ್ಡಬಂದರು. ವಿಜಯಪುರದವರು, ಗೋಳಗುಮ್ಮಟದ ಸುತ್ತಮುತ್ತ ಹಲವು ವರ್ಷ ಟಾಂಗಾ ಹೊಡೆದು, ಟಾಂಗಾದಿಂದ ಹೊಟ್ಟೆ ಹೊರೆಯುವುದು ಕಷ್ಟವಾದ ಮೇಲೆ ಮಗನ ಬೆನ್ನು ಹಿಡಿದು ಗೋವೆಗೆ ಬಂದವರು. "ಸರ, ಕತ್ರಿ ಒಳಗ ಇಡ್ರಿ. ನೊಣ ಹೊಡೀಲಿಕ್ಕೆ ಅದಕ್ಕ ಕೈ ಇಲ್ರಿ. ಇರೂದೊಂದ ಬಾಲ, ಅದನ್ನೂ ಕೊಯ್ದ್ರ ಹ್ಯಾಂಗ್ರಿ?" ಎಂದರು. ಬಿ.ಎ., ಬಿ.ಟಿ. ಪದವಿಗಳಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಕತ್ತರಿ ಒಳಗೆ ಹೋಯಿತು.

ಕುದುರೆಯ ಬಾಲದಲ್ಲಿ ಎರಡು ಭಾಗಗಳುಂಟು. ಮೇಲಿನದು ದಿಂಡು; ಇದು ಬೆನ್ನೆಲುಬಿನ ಮುಂದುವರಿಕೆ. ಸಾಮಾನ್ಯವಾಗಿ 18ರಷ್ಟು ಸಣ್ಣ ಎಲುಬುಗಳು, ಅವುಗಳ ಸುತ್ತ ಸ್ನಾಯು, ನರ, ರಕ್ತನಾಳ ಮತ್ತು ತೆಳುವಾದ ಚರ್ಮ ಇದರಲ್ಲಿವೆ. ದಿಂಡಿನಿಂದ ಹುಟ್ಟಿ ಕೆಳಗೆ ಇಳಿಬಿದ್ದ ಉದ್ದ ಕೂದಲು ಎರಡನೆಯ ಭಾಗ. ದಿಂಡಿಗೆ ನೋವು ತಿಳಿಯುತ್ತದೆ, ಕೂದಲಿಗೆ ತಿಳಿಯುವುದಿಲ್ಲ. ಆದರೆ ಕೂದಲನ್ನು ಜಗ್ಗಿದರೆ ಬುಡದಲ್ಲಿರುವ ಚರ್ಮಕ್ಕೆ ತಿಳಿಯುತ್ತದೆ. ಎಣ್ಣೆಯಿಲ್ಲದ ತಲೆಯನ್ನು ಅವಸರದಲ್ಲಿ ಬಾಚಿಸಿಕೊಂಡ ಯಾವ ಹುಡುಗಿಯನ್ನು ಕೇಳಿದರೂ ಇದನ್ನು ವಿವರಿಸುವಳು.

ಬಾಲವು ಕುದುರೆಗೆ ಅಲಂಕಾರವೆಂದು ಭಾವಿಸುವುದು ತಪ್ಪು. ಹೆದರಿದಾಗ, ಚಳಿಯಾದಾಗ ಅದನ್ನು ತೊಡೆಗಳ ನಡುವೆ ಅವುಚಿಕೊಳ್ಳುತ್ತದೆ. ಉಲ್ಲಾಸವಾದಾಗ ಎತ್ತಿ ಹಿಡಿಯುತ್ತದೆ. ಸಿಟ್ಟು ಬಂದಾಗ ಚಾವಟಿಯಂತೆ ಬೀಸುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದುದು ನೊಣ ಹೊಡೆಯುವ ಕೆಲಸ. ಅಮೆರಿಕದ ಜಾರ್ಜಿಯಾ ತಾಂತ್ರಿಕ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಪ್ರಾಣಿಗಳು ಬೀಸುವ ಬಾಲದಿಂದ ಏಳುವ ಗಾಳಿಯ ವೇಗವು ಸೆಕೆಂಡಿಗೆ ಸುಮಾರು 1 ಮೀಟರ್, ಅಂದರೆ ಸೊಳ್ಳೆ ಹಾರುವ ವೇಗದಷ್ಟೇ ಇರುವುದೆಂದೂ, ಬಾಲದಂತೆ ಬೀಸುವ ಯಂತ್ರವೊಂದನ್ನು ಮಾಡಿ ನೋಡಲಾಗಿ ಬಂದೆರಗುವ ಸೊಳ್ಳೆಗಳಲ್ಲಿ ಅರ್ಧದಷ್ಟು ಹಿಂದಿರುಗಿದುವೆಂದೂ ತಿಳಿಸಿದ್ದಾರೆ. ಅಂದರೆ ಬಾಲವು ಬಡಿಯುವುದಕ್ಕೆ ಮೊದಲೇ ಬೀಸಣಿಗೆಯಾಗಿ ಕೆಲಸ ಮಾಡುತ್ತದೆ. ಕೂದಲು ಬಿಡಿಬಿಡಿಯಾಗಿ ಹರಡಿದ್ದರೆ ತಾನೇ ಬೀಸಣಿಗೆ? ಕೆಸರಿನ ಕೊರಡು ಏನನ್ನು ಬೀಸೀತು?

ನೊಣದ ಕಾಟವೆಂದರೆ ಬರಿಯ ಕಿರಿಕಿರಿಯೆಂದು ನಾವು ತಿಳಿದಿದ್ದೆವು. ನಮ್ಮ ದೇಶದಲ್ಲಿ ಕುದುರೆ, ಒಂಟೆಗಳನ್ನು ಕೊಲ್ಲುವ ‘ಸರ್ರಾ’ ಎಂಬ ಜ್ವರವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಒಯ್ಯುವವು ರಕ್ತ ಹೀರುವ ದೊಡ್ಡ ನೊಣಗಳೇ. ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನಿನಲ್ಲಿ 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಸೈನ್ಯದ ಪಶುವೈದ್ಯನು ರೋಗಪೀಡಿತ ಕುದುರೆಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅದರಲ್ಲಿ ಹಾವಿನ ಮರಿಯಂತೆ ಹೊರಳಾಡುವ ಸೂಕ್ಷ್ಮಜೀವಿಯನ್ನು ಕಂಡುಹಿಡಿದನು. ಬಾಲವಿಲ್ಲದ ಕುದುರೆ ಅಂಥ ನೊಣಗಳ ಮುಂದೆ ಕೈಕಟ್ಟಿ ನಿಲ್ಲಿಸಿದ ಮನುಷ್ಯನಿದ್ದಂತೆ. ಗಾಯದ ಮೇಲೆ ನೊಣ ಕುಳಿತು ಮೊಟ್ಟೆಯಿಟ್ಟರೆ ಹುಳ ಬೀಳುವುದು ಬೇರೆ.

ಇನ್ನು "ಬೆಳೆಯುತ್ತದೆ" ಎಂಬ ಮಾತು. ಬೆಳೆಯುವುದು ನಿಜ; ಎಷ್ಟು ದಿನಕ್ಕೆ? ಕುದುರೆಯ ಬಾಲದ ಕೂದಲು ತಿಂಗಳಿಗೆ ಸುಮಾರು 2 ಸೆಂಟಿಮೀಟರ್ ಬೆಳೆಯುತ್ತದೆ. 70 ಸೆಂಟಿಮೀಟರ್ ಬೆಳೆಯಲು ಎಷ್ಟು ಕಾಲ ಬೇಕೆಂಬುದನ್ನು ಐದನೆಯ ತರಗತಿಯ ಮಕ್ಕಳಿಗೆ ಲೆಕ್ಕವಾಗಿ ಕೊಟ್ಟೆವು; 35 ತಿಂಗಳು ಎಂದರು. ಅಂದರೆ ಒಂದು ನಿಮಿಷದ ಕತ್ತರಿಗೆ ಮೂರು ಮಳೆಗಾಲದ ನೊಣಗಳು. ಕೂದಲನ್ನು ಕತ್ತರಿಸುವುದು ಒಂದಾದರೆ, ದಿಂಡನ್ನೇ ಕಡಿಯುವ ಕ್ರೂರ ಪದ್ಧತಿಯೊಂದು ಬಂಡಿಯ ಕುದುರೆಗಳ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ಬಹುಕಾಲ ಬಳಕೆಯಲ್ಲಿದ್ದಿತು. 1949ರ ಶಾಸನದಿಂದ ಅದು ಅಲ್ಲಿ ನಿಷಿದ್ಧವಾಯಿತು. ನಮ್ಮ ದೇಶದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರವೂ ಪ್ರಾಣಿಯ ಅಂಗಚ್ಛೇದನ ಮಾಡುವುದು ಅಪರಾಧ.

ಕುದುರೆಯ ಬಾಲಕ್ಕೆ ಬೆಲೆ ಕಟ್ಟಿದ ಪ್ರಸಂಗವೊಂದು ನಮ್ಮ ಕರ್ನಾಟಕದ ಚರಿತ್ರೆಯಲ್ಲಿಯೇ ಉಂಟು. ಅದು ಈ ಕರಾವಳಿಗೇ ಸಂಬಂಧಿಸಿದುದಾದುದರಿಂದ ಎರಡು ಮಾತು ಹೇಳಿದರೆ ವಾಚಕರು ಬೇಸರಿಸಲಾರರು. ದಕ್ಷಿಣದ ಹವೆಯಲ್ಲಿ ಒಳ್ಳೆಯ ಯುದ್ಧಾಶ್ವಗಳು ಬೆಳೆಯುವುದು ಕಷ್ಟ. ಅರೇಬಿಯಾ, ಹೊರ್ಮುಜ್‌ಗಳಿಂದ ಹಡಗಿನಲ್ಲಿ ತರಿಸಬೇಕಾಗಿದ್ದಿತು. ಭಟ್ಕಳ, ಹೊನ್ನಾವರ, ಗೋವೆಗಳು ಆ ವ್ಯಾಪಾರದ ಬಂದರುಗಳು. ವಿಜಯನಗರದ ಸಾಳುವ ನರಸಿಂಹನು (ಆಳ್ವಿಕೆ ಸುಮಾರು 1485–1491) ಕುದುರೆ ವ್ಯಾಪಾರಿಗಳನ್ನು ಒಲಿಸಿಕೊಳ್ಳಲು, ಸಾವಿರ ಪರ್ದಾವ್ ಹೊನ್ನಿಗೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನಲ್ಲದೆ, ಸಮುದ್ರದ ಮೇಲೆ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿರುವ ಕುದುರೆಗೆ ಕೊಡುವಷ್ಟೇ ಬೆಲೆಯನ್ನು ಕೊಡುತ್ತಿದ್ದನಂತೆ. ಸುಮಾರು 1535ರಲ್ಲಿ ವಿಜಯನಗರದಲ್ಲಿದ್ದ, ಕುದುರೆ ವ್ಯಾಪಾರಿಯಾಗಿದ್ದನೆಂದು ಹೇಳಲಾಗುವ ಫೆರ್ನಾವೊ ನುನಿಜ್ ಎಂಬ ಪೋರ್ತುಗೀಸನು ಇದನ್ನು ಬರೆದಿಟ್ಟಿದ್ದಾನೆ. 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಗೆದ್ದುಕೊಂಡ ಮೇಲೆ ಕುದುರೆಯ ಹಡಗುಗಳನ್ನೆಲ್ಲ ಇಲ್ಲಿಗೇ ಸೆಳೆದುಕೊಳ್ಳಲಾಯಿತು. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ಅದೇ ನುನಿಜ್ ಹೇಳುತ್ತಾನೆ. ಹಂಪೆಗೆ ಪ್ರವಾಸ ಹೋದ ನಮ್ಮ ಮಕ್ಕಳು ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಸಾಲಾಗಿ ನಡೆಯುವ ಕುದುರೆಗಳನ್ನು ನೋಡಿರಬಹುದು. ಅವು ಇದೇ ಕರಾವಳಿಯಲ್ಲಿ ಇಳಿದು ಘಟ್ಟ ಹತ್ತಿದ ಕುದುರೆಗಳು.

ತರಿಸಿದ ಕುದುರೆಗಳು ಇಲ್ಲಿ ಹೆಚ್ಚು ಕಾಲ ಬದುಕುತ್ತಿರಲಿಲ್ಲವೆಂಬ ದೂರೂ ಹಳೆಯದೇ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡನ್ನು ಕಂಡ ಮಾರ್ಕೊ ಪೋಲೊ, ಆರೈಕೆ ಬಲ್ಲವರಿಲ್ಲದೆಯೇ ಕುದುರೆಗಳು ಅಲ್ಲಿ ಸಾಯುತ್ತವೆಂದು ಬರೆದನು. ಆದರೆ ಕನ್ನಡಿಗರಿಗೆ ಈ ವಿದ್ಯೆ ತಿಳಿಯದೆಂದು ಯಾರೂ ಹೇಳಕೂಡದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅಶ್ವಗಳ ವಿಚಾರ ವಿಸ್ತಾರವಾಗಿ ಬಂದಿದೆ, ಸುಮಾರು 1400ರಲ್ಲಿ ಅಭಿನವಚಂದ್ರನು ಕನ್ನಡದಲ್ಲಿಯೇ ‘ಅಶ್ವವೈದ್ಯ’ವನ್ನು ರಚಿಸಿದನು. ಅರಮನೆಯ ಸಾಹಣಿಗಳಿಂದ ಟಾಂಗಾ ಹೊಡೆಯುವವರವರೆಗೆ ಕೈಯಿಂದ ಕೈಗೆ ಬಂದ ವಿದ್ಯೆ ಅದು. ಟಾಂಗಾಗಳು ಇಲ್ಲವಾದಂತೆ ಅದೂ ಇಲ್ಲವಾಗುತ್ತಿದೆ. ಇದನ್ನು ಬರೆದಿಡಬೇಕೆಂದು ನಮಗೆ ತೋರಿದ್ದು ಆ ಕಾರಣಕ್ಕಾಗಿಯೇ. ಇರಲಿ, ಬಾಲಕ್ಕೆ ಬರೋಣ.

ಗುರುತಿಲ್ಲದ ಕುದುರೆಯ ಮೈ ಮುಟ್ಟುವುದಕ್ಕೆ ಮೊದಲು ಪಶುವೈದ್ಯರಿಗೆ ತೋರಿಸತಕ್ಕದ್ದು. ಇದನ್ನು ಒತ್ತಿ ಹೇಳುತ್ತೇವೆ. ಕುದುರೆಗಳಿಗೆ ಬರುವ ಗ್ಲಾಂಡರ್ಸ್ ಎಂಬ ರೋಗವು ಮನುಷ್ಯರಿಗೂ ಅಂಟುವಂಥದು, ಮಾರಕವಾದುದು. ಮೂಗಿನಿಂದ ಕೀವು ಸುರಿಯುವ, ಚರ್ಮದ ಮೇಲೆ ಗಂಟು ಒಡೆದು ಹುಣ್ಣಾಗಿರುವ ಕುದುರೆಯ ಹತ್ತಿರ ಮಕ್ಕಳನ್ನು ಬಿಡಲೇಕೂಡದು. ನಮ್ಮ ಕುದುರೆಯನ್ನು ಸರಕಾರಿ ಪಶುವೈದ್ಯರು ಬಂದು ಪರೀಕ್ಷಿಸಿ ಅಂಥದ್ದೇನೂ ಇಲ್ಲವೆಂದ ಮೇಲೆಯೇ ಕೆಲಸ ಆರಂಭವಾಯಿತು. ದಿಂಡಿನ ಬುಡದಲ್ಲಿ ಚರ್ಮ ಕಿತ್ತು ಹುಣ್ಣಾಗಿದ್ದುದರಿಂದ ಧನುರ್ವಾಯುವಿನ ಚುಚ್ಚುಮದ್ದನ್ನೂ ಕೊಟ್ಟರು. ಸಾಕುಪ್ರಾಣಿಗಳಲ್ಲಿ ಧನುರ್ವಾಯು ಕುದುರೆಗೆ ತಗಲುವಷ್ಟು ಸುಲಭವಾಗಿ ಮತ್ತಾವುದಕ್ಕೂ ತಗಲುವುದಿಲ್ಲವಂತೆ. ಅದರ ಬೀಜವಿರುವುದೋ ಮಣ್ಣಿನಲ್ಲಿಯೇ.

ಎರಡನೆಯದು ನಿಲ್ಲುವ ಸ್ಥಳ. ಕುದುರೆಯ ಕಣ್ಣುಗಳು ತಲೆಯ ಎರಡು ಮಗ್ಗುಲಲ್ಲಿರುವುದರಿಂದ ಅದಕ್ಕೆ ಸುತ್ತಲೂ ಕಾಣುತ್ತದೆ, ನೇರ ಹಿಂದಿರುವುದು ಮಾತ್ರ ಕಾಣುವುದಿಲ್ಲ. ಕಾಣದ ಕಡೆಯಿಂದ ಯಾರೋ ಬಾಲಕ್ಕೆ ಕೈಹಾಕಿದರೆ ಅದು ಒದೆಯುವುದು ಸ್ವಾಭಾವಿಕ. ಹಿರಿಯರು ಮೊದಲ ದಿನವೇ ಹುಡುಗರಿಗೆ ಹೇಳಿದ ಮಾತು ಇದು: "ತಮ್ಮಾ, ಹಿಂದ ನಿಂದರಬ್ಯಾಡ, ಬಾಜೂಕ ಬಾ. ನೀ ಎಲ್ಲಿದ್ದಿ ಅಂತ ಅದಕ್ಕ ತಿಳೀಬೇಕು." ಹೆಗಲಿನ ಹತ್ತಿರ ಹೋಗಿ, ಮಾತನಾಡಿಸುತ್ತ, ಬೆನ್ನಿನ ಮೇಲೆ ಕೈಯಾಡಿಸುತ್ತ, ಕೈಯನ್ನು ಎತ್ತದೆ ಪೃಷ್ಠದವರೆಗೆ ಬಂದು, ಹಿಂದೊಡೆಗೆ ಒತ್ತಿಕೊಂಡಂತೆ ಪಕ್ಕದಲ್ಲಿ ನಿಂತು, ಬಾಲವನ್ನು ತಮ್ಮ ಕಡೆಗೆ ಮೆಲ್ಲಗೆ ಎಳೆದುಕೊಳ್ಳಬೇಕು. ತಲೆಯ ಬಳಿ ತಿಳಿದವರೊಬ್ಬರು ಹಗ್ಗ ಹಿಡಿದಿರಬೇಕು. ಕಿವಿಗಳು ಹಿಂದಕ್ಕೆ ಮಲಗಿದರೆ, ಹಿಂಗಾಲು ಮೇಲೆದ್ದರೆ ಕೆಲಸ ನಿಲ್ಲಿಸಿ ಹೆಗಲಿನ ಹತ್ತಿರ ಹೋಗಬೇಕು. ಹುಡುಗರಿಗೆ ನೀರು ತರುವುದು, ಬಾಲದ ತುದಿಯ ಸಿಕ್ಕು ಬಿಡಿಸುವುದು, ಇಷ್ಟನ್ನು ಮಾತ್ರ ವಹಿಸಿದೆವು. ಅದೂ ಬೂಟು ಹಾಕಿದವರಿಗೆ.

ಕೆಲಸದ ಕ್ರಮಕ್ಕೆ ಬರುವ ಮೊದಲು ಸಿಕ್ಕು ಎಂದರೇನೆಂಬುದನ್ನು ತಿಳಿಯುವುದೊಳ್ಳೆಯದು. ಕೂದಲು ನೋಡಲು ನುಣುಪಾದರೂ ಸೂಕ್ಷ್ಮದರ್ಶಕದಲ್ಲಿ ಅದರ ಮೈತುಂಬ ಹುರುಪೆಗಳು ಕಾಣುವುವು. ಅವು ನಮ್ಮ ಮನೆಗಳ ಮಾಡಿಗೆ ಹೊದಿಸಿದ ಹಂಚುಗಳಂತೆ ಒಂದರ ಮೇಲೊಂದು ಕುಳಿತು, ಬುಡದಿಂದ ತುದಿಯ ಕಡೆಗೆ ಮುಖ ಮಾಡಿವೆ. ಹಂಚಿನ ಸಂದಿಯಲ್ಲಿ ಕಸ ಸಿಕ್ಕಿಕೊಳ್ಳುವಂತೆ ಈ ಹುರುಪೆಗಳ ಸಂದಿಯಲ್ಲಿ ಮಣ್ಣು ಸೇರುತ್ತದೆ, ಹುರುಪೆಗಳು ಏಳುತ್ತವೆ, ಪಕ್ಕದ ಕೂದಲಿನ ಹುರುಪೆಗಳಿಗೆ ತೊಡರುತ್ತವೆ. ಎಣ್ಣೆಯು ಹುರುಪೆಗಳನ್ನು ಮಲಗಿಸಿ ಕೂದಲ ಮೇಲೆ ಕೂದಲು ಜಾರುವಂತೆ ಮಾಡುತ್ತದೆ. ಒದ್ದೆ ಕೂದಲು ಹಿಗ್ಗಿ ಬೇಗ ಹರಿಯುತ್ತದೆ. ಆದುದರಿಂದ ಒದ್ದೆ ಬಾಲವನ್ನು ಬಾಚಕೂಡದು. ಇಷ್ಟು ತಿಳಿದರೆ ಮಿಕ್ಕ ಕ್ರಮವೆಲ್ಲ ತಾನಾಗಿ ಹೊಳೆಯುವುದು.

ಮೊದಲು ಬಾಲ ಒಣಗಬೇಕು. ಗೋವೆಯ ಜುಲೈಯಲ್ಲಿ ಇದೇ ದೊಡ್ಡ ಕೆಲಸ. ಕುದುರೆಯನ್ನು ಶಾಲೆಯ ಸೈಕಲ್ ಚಪ್ಪರದ ಕೆಳಗೆ ಕಟ್ಟಿ, ಎರಡು ದಿನ ಹುಲ್ಲು ನೀರು ಕೊಟ್ಟು ಸುಮ್ಮನೆ ಬಿಟ್ಟೆವು. (ಆ ಎರಡು ದಿನ ಅಧ್ಯಾಪಕರ ದ್ವಿಚಕ್ರ ವಾಹನಗಳು ಮಳೆಯಲ್ಲಿ ನೆನೆದವು, ಸಹೋದ್ಯೋಗಿಗಳ ಕ್ಷಮೆಯನ್ನು ಇಲ್ಲಿ ಬೇಡುತ್ತೇವೆ.) ಹಸಿ ಕೆಸರನ್ನು ತೊಡೆಯಹೋದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ, ಒಣಗಿದ ಕೆಸರು ಪುಡಿಯಾಗಿ ಉದುರುತ್ತದೆ. ಮೂರನೆಯ ದಿನ ಹೆಂಟೆಗಳನ್ನು ಎರಡು ಅಂಗೈಗಳ ನಡುವೆ ಮೆಲ್ಲಗೆ ಹೊಸೆದು ಪುಡಿಮಾಡಿದೆವು. ಕೆಂಪು ಧೂಳು ಎದ್ದಿತು, ಎಲ್ಲರೂ ಕೆಮ್ಮಿದರು, ಬಾಲದ ತೂಕ ಅರ್ಧಕ್ಕಿಳಿಯಿತು. ಉತ್ತರಾಣಿಯ ಕಾಳನ್ನು ಬೆರಳಿನಿಂದ ಒಂದೊಂದಾಗಿಯೇ ತೆಗೆಯಬೇಕು. ಇದಕ್ಕೆ ಉಪಾಯವಿಲ್ಲ. ಕಾಳನ್ನು ಎಳೆಯುವುದಲ್ಲ, ಕಾಳನ್ನು ಹಿಡಿದುಕೊಂಡು ಅದರಿಂದ ಕೂದಲನ್ನು ಎಳೆಯುವುದು.

ಆಮೇಲೆ ತೊಳೆಯುವುದು. ಕಡಲು ಹತ್ತಿರವೇ ಇದೆಯಲ್ಲ, ಅಲ್ಲಿಗೆ ಹೊಡೆದುಕೊಂಡು ಹೋಗೋಣವೆಂದು ಹುಡುಗರು ಸಲಹೆಯಿತ್ತರು. ಉಪ್ಪುನೀರು ಚರ್ಮವನ್ನು ಒಣಗಿಸಿ ತುರಿಕೆ ತರುತ್ತದೆ, ಹುಣ್ಣನ್ನು ಉರಿಸುತ್ತದೆ. ಕಡಲಲ್ಲಿ ಮೀಯಿಸಿದ ಕುದುರೆಯನ್ನಾದರೂ ಸಿಹಿನೀರಿನಿಂದ ಮತ್ತೆ ತೊಳೆಯಲೇಬೇಕು. ಬಾವಿಯ ನೀರನ್ನು ಬಕೆಟ್ಟಿನಲ್ಲಿ ತುಂಬಿ, ಬಾಲದ ಕೂದಲನ್ನು ಅದರಲ್ಲಿ ಅದ್ದಿ ಹಿಡಿದು, ಬಟ್ಟೆ ಜಾಲಾಡುವಂತೆ ಮೆಲ್ಲಗೆ ಆಡಿಸಬೇಕು. ಬಟ್ಟೆ ಸೋಪು ಬೇಡ, ಅದರ ಖಾರ ಹೆಚ್ಚು. ಸೀಗೆಪುಡಿಯನ್ನು ಹಾಕೋಣವೆಂದು ನಮ್ಮ ಮನೆಯವರು ಸೂಚಿಸಿದರು, ಹಾಕಿ ನೋಡಿದೆವು, ಪುಡಿಯ ತರಿ ಸಿಕ್ಕಿನಲ್ಲಿ ಕುಳಿತು ಹೊಸ ಕೆಸರಾಯಿತು. ಮಕ್ಕಳ ತಲೆಗೆ ಬಳಸುವ ಮೃದುವಾದ ಶಾಂಪೂವೇ ಸಾಕೆಂದು ಕೊನೆಗೆ ಗೊತ್ತಾಯಿತು. ದಿಂಡಿನ ಚರ್ಮವನ್ನು ಬೆರಳ ತುದಿಯಿಂದ ತಿಕ್ಕಬೇಕು, ಉಗುರು ತಾಗಿಸಬಾರದು. ದಿಂಡಿನ ಕೆಳಮೈಯಲ್ಲಿ ಕೂದಲಿಲ್ಲ, ಅಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ನೊರೆ ಉಳಿದರೆ ಅದೇ ತುರಿಕೆಗೆ ಕಾರಣವಾಗುವುದರಿಂದ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಜಾಲಾಡಬೇಕು. ನಮಗೆ ಹನ್ನೊಂದು ಬಕೆಟ್ ನೀರು ಬೇಕಾಯಿತು. ಮೊದಲ ಬಕೆಟ್ಟಿನ ನೀರು ಜೇಡಿಯ ಸಾರಿನಂತಿದ್ದಿತು. ಏಳನೆಯದರಲ್ಲಿ ಬಾಲವು ಬಿಳಿಯದೆಂದು ಮೊದಲ ಬಾರಿಗೆ ಕಂಡಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಕುದುರೆ ಬೆಚ್ಚಿತು. ಚಪ್ಪಾಳೆಯನ್ನು ನಿಷೇಧಿಸಬೇಕಾಯಿತು.

ತೊಳೆದ ಬಾಲವನ್ನು ಹಿಂಡಬೇಕು, ತಿರುಚಬಾರದು. ಅದು ಪೂರ್ತಿ ಆರಿದ ಮೇಲೆ ಕೊಬ್ಬರಿ ಎಣ್ಣೆ. ಎಣ್ಣೆಯನ್ನು ಬಾಲಕ್ಕೆಲ್ಲ ಸುರಿಯುವುದಲ್ಲ. ಅಂಗೈಯಲ್ಲಿ ತೆಗೆದುಕೊಂಡು ಸಿಕ್ಕಿನ ಗಂಟುಗಳಿಗೆ ಮಾತ್ರ ಹಿಡಿಸಿ, ಒಂದು ರಾತ್ರಿ ಬಿಡಬೇಕು.

ಮರುದಿನದ ಕೆಲಸವೇ ನಿಜವಾದ ಸಿಕ್ಕು ಬಿಡಿಸುವುದು. ಬಹುಮಂದಿ ಮಾಡುವ ತಪ್ಪು ಮೇಲಿನಿಂದ ಬಾಚುವುದು. ಮೇಲಿನಿಂದ ಎಳೆದರೆ ಮೇಲಿನ ಸಿಕ್ಕೆಲ್ಲ ಕೆಳಗಿನ ಸಿಕ್ಕಿನ ಮೇಲೆ ಹೋಗಿ ಕುಳಿತು, ಎರಡೂ ಸೇರಿ ಬಿಗಿಯುತ್ತವೆ. ತುದಿಯಿಂದ ನಾಲ್ಕು ಬೆರಳು ಮೇಲೆ ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, ಕೆಳಗಿನ ನಾಲ್ಕು ಬೆರಳುದ್ದವನ್ನು ಬಲಗೈ ಬೆರಳುಗಳಿಂದ ಎಳೆ ಎಳೆಯಾಗಿ ಬಿಡಿಸಬೇಕು. ಎಡಗೈ ಹಿಡಿದಿರುವುದರಿಂದ ಎಳೆತವು ಬುಡಕ್ಕೆ ಮುಟ್ಟದು, ಕುದುರೆಗೆ ನೋವಾಗದು. ಅಷ್ಟು ಬಿಟ್ಟ ಮೇಲೆ ಎಡಗೈ ಇನ್ನು ನಾಲ್ಕು ಬೆರಳು ಮೇಲಕ್ಕೆ. ಹೀಗೆ ದಿಂಡಿನವರೆಗೆ. ಬಾಚಣಿಗೆಯನ್ನು ಮುಟ್ಟುವುದು ಬೆರಳು ಸಲೀಸಾಗಿ ಓಡಿದ ಮೇಲೆಯೇ. ಅದೂ ಅಗಲ ಹಲ್ಲಿನ ಮರದ ಬಾಚಣಿಗೆ. ಕುದುರೆಯ ಮೈ ತಿಕ್ಕುವ ಕಬ್ಬಿಣದ ಖರಾರವನ್ನು ಬಾಲಕ್ಕೆ ತಾಗಿಸಲೇಬಾರದು, ಕೂದಲು ಕಿತ್ತು ಬರುತ್ತದೆ.

ಏಳನೆಯ ತರಗತಿಯ ಹುಡುಗನೊಬ್ಬನು ಒಂದು ಗಂಟಿನೊಡನೆ ಹೆಣಗಾಡುತ್ತ ಸಿಟ್ಟಿಗೆದ್ದು ಜಗ್ಗಿದಾಗ ಹಿರಿಯರು ಅವನ ಕೈಹಿಡಿದು, "ಸಿಕ್ಕಿನ ಜೋಡಿ ಜಗಳಾಡಬ್ಯಾಡಪಾ, ಅದು ಇನ್ನಟ ಬಿಗೀತೈತಿ" ಎಂದರು. ಆ ಹುಡುಗನು ಗಣಿತದ ತಾಸಿನಲ್ಲಿ ಎರಡು ನಿಮಿಷ ಒಂದೆಡೆ ಕುಳಿತಿರದವನು. ಆ ದಿನ ಶಾಲೆ ಬಿಟ್ಟ ಮೇಲೆ ಎರಡು ತಾಸು ಒಂದೇ ಜಟೆಯ ಮುಂದೆ ಕುಳಿತಿದ್ದನು.

ಎಷ್ಟು ಮಾಡಿದರೂ ಬಿಡದ ಗಂಟುಗಳುಂಟು. ನಮ್ಮ ಕುದುರೆಯ ಬಾಲದಲ್ಲಿ ಅಂಥವು ಮೂರಿದ್ದವು, ಒಂದೊಂದೂ ನಿಂಬೆಯ ಗಾತ್ರ. ಇಲ್ಲಿ ಮಾತ್ರ ಕತ್ತರಿಗೆ ಕೆಲಸವುಂಟು. ಆದರೆ ಅಡ್ಡಲಾಗಿ ಅಲ್ಲ. ಗಂಟನ್ನು ಕೂದಲು ಓಡುವ ದಿಕ್ಕಿನಲ್ಲಿ, ಮೇಲಿನಿಂದ ಕೆಳಕ್ಕೆ ಉದ್ದುದ್ದವಾಗಿ ಸೀಳಬೇಕು. ತುದಿ ಮೊಂಡಾದ ಸಣ್ಣ ಕತ್ತರಿಯ ಮೊನೆಯನ್ನು ಗಂಟಿನೊಳಗೆ ತೂರಿಸಿ ಎರಡು ಕಡೆ ಸೀಳಿದರೆ ಒಂದು ಗಂಟು ಮೂರು ಸಣ್ಣ ಗಂಟಾಗುತ್ತದೆ. ಅವುಗಳನ್ನು ಬೆರಳಿನಿಂದ ಬಿಡಿಸಬಹುದು. ಅಡ್ಡಲಾಗಿ ಕತ್ತರಿಸಿದರೆ ಗಂಟಿನ ಕೂದಲೆಲ್ಲ ಹೋಗುವುದು. ಹೀಗೆ ಸೀಳಿದರೆ ಹತ್ತಿಪ್ಪತ್ತು ಎಳೆ ಮಾತ್ರ ಹೋಗುವುದು. ಮೂರು ಗಂಟುಗಳಿಗೆ ಒಂದು ಇಡೀ ಶನಿವಾರದ ಅಪರಾಹ್ನ ಹಿಡಿಯಿತು. ಉದುರಿದ ಕೂದಲನ್ನು ನಮ್ಮ ಸಂಗೀತದ ಅಧ್ಯಾಪಕರು ಆಸೆಯಿಂದ ಆರಿಸಿಕೊಂಡರು, ಪಿಟೀಲಿನ ಕಮಾನಿಗೆ ಕುದುರೆಯ ಬಾಲದ ಕೂದಲೇ ಬೇಕಷ್ಟೆ. ಅಷ್ಟುದ್ದದ್ದು ಒಂದೂ ಸಿಗಲಿಲ್ಲವೆಂದು ಬೇಸರಪಟ್ಟರು. ನಮಗೆ ಅದರಿಂದ ಸಂತೋಷವೇ ಆಯಿತು.

ಎಣ್ಣೆಯನ್ನು ಹಾಗೆಯೇ ಬಿಟ್ಟರೆ ಧೂಳನ್ನು ಕರೆಯುತ್ತದೆ. ಸಿಕ್ಕು ಬಿಟ್ಟ ಮೇಲೆ ಇನ್ನೊಮ್ಮೆ ಸ್ವಲ್ಪ ಶಾಂಪೂ ಹಾಕಿ ತೊಳೆದು ಆರಿಸಬೇಕು.

ಇಷ್ಟಾದ ಮೇಲೂ ಮೂರನೆಯ ದಿನಕ್ಕೆ ಕುದುರೆಯು ಚಪ್ಪರದ ಕಂಬಕ್ಕೆ ಬಾಲದ ಬುಡವನ್ನು ಉಜ್ಜತೊಡಗಿತು. ನಮ್ಮ ಶ್ರಮವೆಲ್ಲ ವ್ಯರ್ಥವಾಗುತ್ತದೆಂದು ಹುಡುಗರು ಕಂಬಕ್ಕೆ ಗೋಣಿ ಸುತ್ತಿದರು. ಪಶುವೈದ್ಯರು ನಕ್ಕು, ಕಂಬದಲ್ಲಿ ರೋಗವಿಲ್ಲವೆಂದರು. ಕುದುರೆಯ ಕರುಳಿನಲ್ಲಿ ವಾಸಿಸುವ ಒಂದು ಬಗೆಯ ದಾರದಂಥ ಹುಳುವಿನ ಹೆಣ್ಣು ಹೊರಬಂದು ಗುದದ ಸುತ್ತ ಅಂಟಂಟಾದ ಮೊಟ್ಟೆಯಿಡುತ್ತದೆ. ಆ ತುರಿಕೆಯನ್ನು ತಾಳಲಾರದೆ ಕುದುರೆ ಬಾಲ ಉಜ್ಜುತ್ತದೆ. ಉಜ್ಜಿ ಹುಣ್ಣಾಗುತ್ತದೆ, ಕೂದಲು ಮುರಿಯುತ್ತದೆ, ಮುರಿದ ಕೂದಲಿಗೆ ಕೆಸರು ಹತ್ತುತ್ತದೆ. ಬಾಲದ ಸಿಕ್ಕಿನ ಬುಡ ಹೊಟ್ಟೆಯಲ್ಲಿ! ಇದೇ ಬಗೆಯ ತುರಿಕೆ ಹೇನಿನಿಂದಲೂ ಮಳೆಗಾಲದ ನೊರಜುಗಳು ಕಚ್ಚುವುದರಿಂದಲೂ ಬರಬಹುದಾದುದರಿಂದ ಕಾರಣವನ್ನು ನೋಡಿಯೇ ಮದ್ದು ಕೊಡತಕ್ಕದ್ದು. ಹುಳುವಿನ ಔಷಧವನ್ನು ಕೊಟ್ಟು, ಗುದದ ಸುತ್ತಲೂ ಪ್ರತಿದಿನ ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಸುಡಲು ಹೇಳಿದರು. ಹತ್ತು ಹನ್ನೆರಡು ದಿನಗಳಲ್ಲಿ ಉಜ್ಜುವುದು ನಿಂತಿತು.

ಚೌತಿಯ ರಜೆಯ ಹೊತ್ತಿಗೆ ಕುದುರೆಯ ಪಕ್ಕೆಗಳು ತುಂಬಿಕೊಂಡಿದ್ದುವು. ಮೇವು ಹೆಚ್ಚು ಕೊಟ್ಟದ್ದು ಒಂದು ಕಾರಣ; ಮೇಯುವಾಗ ತಲೆಯೆತ್ತದೆ ಮೇಯುತ್ತಿದ್ದುದು ಇನ್ನೊಂದು. ಬಾಲವು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸುತ್ತ ತನ್ನ ಕೆಲಸವನ್ನು ತಾನು ಮಾಡುತ್ತಿದ್ದಿತು. ಮಳೆ ಇನ್ನೂ ಇದ್ದುದರಿಂದ ಹಿರಿಯರು ಬಾಲದ ಕೂದಲನ್ನು ಮೂರೆಳೆ ಮಾಡಿ, ದಿಂಡು ಮುಗಿದಲ್ಲಿಂದ ಕೆಳಗೆ ಸಡಿಲವಾಗಿ ಜಡೆ ಹೆಣೆಯುವುದನ್ನು ಹುಡುಗಿಯರಿಗೆ ತೋರಿಸಿಕೊಟ್ಟರು. ಜಡೆಯನ್ನು ಕೆಸರಿನಲ್ಲಿ ಓಡಾಡುವಾಗ ಮಾತ್ರ ಹಾಕಿ, ಚಪ್ಪರಕ್ಕೆ ಬಂದೊಡನೆ ಬಿಚ್ಚಬೇಕು, ಇಲ್ಲವಾದರೆ ನೊಣಕ್ಕೆ ಮತ್ತೆ ಅನುಕೂಲ. ವಾರಕ್ಕೊಮ್ಮೆ ಬೆರಳಾಡಿಸಿದರೆ ಸಾಕು, ತಿಂಗಳುಗಟ್ಟಲೆ ತೊಳೆಯಬೇಕಾಗಿಲ್ಲ.

ತುಳಸೀ ವಿವಾಹ ಕಳೆದು ಮುಹೂರ್ತಗಳು ಆರಂಭವಾದಾಗ ಒಡೆಯನು ಟೆಂಪೊ ತೆಗೆದುಕೊಂಡು ಬಂದನು. ಬಾಲವನ್ನು ನೋಡಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಜೇಬಿನಿಂದ ಜರಿಯ ಪಟ್ಟಿಯನ್ನು ತೆಗೆದು ದಿಂಡಿಗೆ ಬಿಗಿಯಾಗಿ ಸುತ್ತತೊಡಗಿದನು. ಹಿಂದೆ ಸಿಟ್ಟಿನಿಂದ ಗಂಟು ಜಗ್ಗಿದ್ದ ಅದೇ ಹುಡುಗನು ಮುಂದೆ ಬಂದು, ಅಲ್ಲಿ ಕಟ್ಟಿದರೆ ರಕ್ತ ಓಡುವುದಿಲ್ಲವೆಂದೂ ಚರ್ಮ ಸತ್ತು ಕೂದಲು ಉದುರುತ್ತದೆಂದೂ ಕೆಳಗೆ ಕಟ್ಟಬೇಕೆಂದೂ ಹೇಳಿದನು. ಒಡೆಯನು ಅವನನ್ನೂ ನಮ್ಮನ್ನೂ ಒಮ್ಮೆ ನೋಡಿ, ಪಟ್ಟಿಯನ್ನು ಬಿಚ್ಚಿ, ದಿಂಡಿನಿಂದ ಒಂದು ಗೇಣು ಕೆಳಗೆ ಸಡಿಲವಾಗಿ ಕಟ್ಟಿದನು.